ನೀಲವ್ವನ ತುಟಿ ಮುಚ್ಚಿಸಿದ್ದು

ಸಿನಿಮಾ ಮಷಿನ್ನಿನ ಹ್ಯಾಂಡಲನ್ನು ನಾನು ಒಂದು ಸಂಜೆ ಬೇಕೆಂದೇ ಬಿರುಸಾಗಿ ತಿರುಗಿಸಿದೆ. ಅದರ ಬೆಲೆಯಾಗಿ ಒಬ್ಬ ತಾಯಿಗೆ ಮಗಳು ಹೋದಳು, ಆ ಮಗಳಿಗೆ ತಾಯಿ ಹೋದಳು. ನನಗೆ? ನನಗೆ ಆಗ ಏನೂ ಹೋಗಲಿಲ್ಲ, ಲಾಭವೇ ಆಯಿತು. ಯಾಕೆ ತಿರುಗಿಸಿದೆ ಎಂದರೆ, ಆ ಮಗಳು ಮನೆಗೆ ಬಂದುಬಿಟ್ಟಿದ್ದರೆ ಅವಳ ಚಿತ್ರಗಳು ನನ್ನ ಡೇರೆಗೆ ಅಗ್ಗದಲ್ಲಿ ಬರುವುದು ನಿಲ್ಲುತ್ತಿತ್ತು. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದೊಂದು ಕಾರಣವನ್ನು ಹುಡುಕಿದ್ದೇನೆ — ಇಷ್ಟು ವರ್ಷ ಹುಡುಕಿದ್ದೇನೆ — ಸಿಕ್ಕಿಲ್ಲ.

ನನ್ನ ಹೆಸರು ಭರಮಪ್ಪ. ಬೆಳಗಾವಿಗೆ ಹತ್ತಿಕೊಂಡಿರುವ ಅನಗೋಳದವನು. ಊರಿಗೆ ಬರುವ ನಾಟಕ ಕಂಪನಿಗಳ ಮುಂದೆ ಶೇಂಗಾ ಮಾರುತ್ತ ಬೆಳೆದೆ. ಆಮೇಲೆ ಅವರ ಟಿಕೆಟ್ ಮಾರಿದೆ. ಆಮೇಲೆ ಮುಳುಗಿಹೋದ ಒಂದು ಕಂಪನಿಯ ಹರಕು ಡೇರೆಯನ್ನೇ ಚೌಕಾಶಿ ಮಾಡಿ ಕೊಂಡು, ಹೊಲಿಸಿ, ಸಿನಿಮಾ ತೋರಿಸಲು ಶುರು ಮಾಡಿದೆ. ಬೆಳಗಾವಿಯಲ್ಲಿ ಕೆಲವು ವಾರ, ಖಾನಾಪುರದ ಸ್ಟೇಷನ್ ಪಕ್ಕದಲ್ಲಿ ಕೆಲವು ವಾರ, ಸಂತೆ ಜೋರಿರುವಾಗ ನಂದಗಡ. ಸಾವಿರದ ಒಂಬೈನೂರ ಇಪ್ಪತ್ತರ ದಶಕ ಅದು. ಚಿತ್ರಗಳಿಗೆ ಇನ್ನೂ ಮಾತು ಬಂದಿರಲಿಲ್ಲ. ಈಗ ಹಿಂದಿ ಸಿನಿಮಾ ಅನ್ನುತ್ತೀರಲ್ಲ, ಅದರಲ್ಲಿ ಆಗ ಹಿಂದಿ ಇರುತ್ತಿದ್ದದ್ದು ನಡುನಡುವೆ ಪರದೆಯ ಮೇಲೆ ಮೂಡುವ ಅಕ್ಷರಗಳಲ್ಲಿ ಮಾತ್ರ. ಅದನ್ನು ಓದಬಲ್ಲವರು ನಮ್ಮ ಕಡೆ ಎಷ್ಟು ಜನ? ಹಾಗಾಗಿ ಪರದೆಯ ಬದಿಗೆ ನಾನೇ ನಿಂತು, ಒಂದು ಸಲ ಕನ್ನಡದಲ್ಲಿ ಒಂದು ಸಲ ಮರಾಠಿಯಲ್ಲಿ, ರಾಜನಿಗೂ ರಾಣಿಗೂ ರಾಕ್ಷಸನಿಗೂ ಗಂಟಲು ಹರಿಯುವಂತೆ ಕೂಗಿ ಮಾತು ಕೊಡುತ್ತಿದ್ದೆ. ಹಿಂದೆ ಮಷಿನ್ನಿನ ಹತ್ತಿರ ದಾದೂ ಎಂಬವನು ಬೆವರು ಒರೆಸಿಕೊಳ್ಳುತ್ತ ಕೈಯಿಂದ ಹ್ಯಾಂಡಲ್ ತಿರುಗಿಸುತ್ತಿದ್ದ. ಅವನು ಬಿರುಸು ಮಾಡಿದರೆ ಪರದೆಯ ಮೇಲೆ ಮನುಷ್ಯರು ಓಡುತ್ತಿದ್ದರು. ನಿಧಾನ ಮಾಡಿದರೆ ತೂಕಡಿಸುತ್ತಿದ್ದರು. ತೀರ ನಿಧಾನ ಮಾಡಿದರೆ ದೀಪದ ಕಾವಿಗೆ ಫಿಲ್ಮಿಗೇ ಬೆಂಕಿ ಹತ್ತುವ ಭಯ.

ನಂದಗಡದ ಸಂತೆಯಲ್ಲಿ, ಡೇರೆಯ ಜನಕ್ಕೆ ಕುಡಿಯುವ ನೀರಿಗೆಂದು ಒಂದು ಹರವಿ ಕೊಳ್ಳಲು ಹೋಗಿದ್ದೆ. ಖಾನಾಪುರದ ಕುಂಬಾರರ ಬಾಳವ್ವ ಗಡಿಗೆ ಹರವಿಗಳನ್ನು ಒಟ್ಟಿಕೊಂಡು ಕೂತಿದ್ದಳು. ಪಕ್ಕದಲ್ಲಿ ಮಗಳು ನೀಲವ್ವ. ಮಗಳು ಸಣ್ಣವಳಿದ್ದಾಗ ಬಂದ ಒಂದು ಜ್ವರದಲ್ಲಿ ಬಾಳವ್ವನ ಕಿವಿ ಪೂರ್ತಿ ಹೋಗಿತ್ತು. ಮಾತು ಉಳಿದಿತ್ತು — ತನ್ನ ದನಿ ತನಗೇ ಕೇಳದ್ದರಿಂದ ಎಲ್ಲವನ್ನೂ ಕೂಗಿಯೇ ಹೇಳುತ್ತಿದ್ದಳು. ಮಗಳು ಮಾತ್ರ ದನಿಯನ್ನೇ ತೆಗೆಯದೆ, ಬರೀ ತುಟಿ ಆಡಿಸಿ, ಉಳಿದದ್ದನ್ನು ಹುಬ್ಬಿನಲ್ಲಿ ಕೆನ್ನೆಯಲ್ಲಿ ತುಂಬಿ, ಇಡೀ ಸಂತೆಯನ್ನು ತಾಯಿಗೆ ಮುಟ್ಟಿಸುತ್ತಿದ್ದಳು. ನಾನು ಹರವಿಯ ಬೆಲೆ ಇಳಿಸುತ್ತಿದ್ದಂತೆ ಅವಳು ಅತ್ತ ತಿರುಗಿ ಏನೋ ಅಂದಳು. ಬಾಳವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಏನ ಹೇಳಿದ್ಯವಾ ನಿಮ್ಮವ್ವಗ?" ಎಂದೆ.

"ಏನಿಲ್ರೀ. ಹರವಿ ರೊಕ್ಕ ಇಳಿಸಿದ ಮ್ಯಾಲ ಇವ್ರು ಮುಚ್ಚಳ ಪುಕ್ಕಟ ಕೇಳ್ತಾರ ನೋಡಬೇ, ಅಂದ್ನಿ."

ನಾನು ಕೇಳುವವನೇ ಇದ್ದೆ.

ಮುಂಬಯಿಯ ಚಿತ್ರಗಳಲ್ಲಿ ಆಗಿನ ನಟಿಯರು ದುಃಖ ಬಂದರೆ ಎದೆ ಬಡಿದುಕೊಳ್ಳುತ್ತಿದ್ದರು, ಸಿಟ್ಟು ಬಂದರೆ ಸೆರಗು ಬೀಸುತ್ತಿದ್ದರು. ಇವಳು ಹುಬ್ಬಿನ ಒಂದು ಕೊನೆ ಎತ್ತಿ ನನ್ನ ಇಡೀ ಸ್ವಭಾವವನ್ನು ಹೇಳಿ ಮುಗಿಸಿದ್ದಳು. ಸಾಮಾನಿನ ಬೆಲೆ ಮಾರುವವನಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಬದುಕಿದ್ದೇ ಆ ಕಣ್ಣಿನಿಂದ. ಹರವಿಗೆ ಕೇಳಿದಷ್ಟೇ ಕೊಟ್ಟು, ಮುಂದಿನ ವಾರ ಖಾನಾಪುರದಲ್ಲಿ ಅವರ ಮನೆಗೆ ಹೋದೆ.

ನೀಲವ್ವನಿಗೆ ಇಪ್ಪತ್ತು ದಾಟಿತ್ತು. ಮದುವೆಯಾದ ವರ್ಷವೇ ಗಂಡ ಪ್ಲೇಗಿನಲ್ಲಿ ತೀರಿಕೊಂಡಿದ್ದ.

"ಸಿನಿಮಾದಾಗ ಕುಣಿಯೂದಂದ್ರ ಮಂದಿ ಏನಂತಾರ್ರೀ?" ಎಂದು ಬಾಳವ್ವ ಇಡೀ ಓಣಿಗೆ ಕೇಳುವಂತೆ ಕೂಗಿದಳು.

"ಗಂಡ ಸತ್ತ ಹುಡಿಗಿ ಗಡಿಗಿ ಹೊತ್ತು ಸಂತಿ ತಿರಗಿದ್ರ ಏನಂತಾರವಾ?" ಎಂದೆ ನಾನು, ಅವಳ ಮುಖದೆದುರು ಒಂದೊಂದೇ ಮಾತು ಬಿಡಿಸಿ. "ದನಿ ಬ್ಯಾಡ, ಹಾಡ ಬ್ಯಾಡ. ನಿನ್ನ ಕೂಡ ಹೆಂಗ ಮಾತಾಡ್ತಾಳೋ ಹಂಗ ಆಡಿದ್ರ ಮುಗೀತು."

ನೀಲವ್ವ ತಾಯಿಯ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಈ ಸಲ ನನಗೂ ಕೇಳಲೆಂದು ದನಿ ತೆಗೆದೇ ಹೇಳಿದಳು: "ಹೋಗಿ ಬರ್ತೇನಿ ಬೇ. ನನ್ನ ಮಾರಿ ನೋಡಾಕ ಮಂದಿ ಟಿಕೀಟ ತಗೀತಾರಂತ. ನಿನಗ ಪುಕ್ಕಟ!"

ಮುಂಬಯಿಯ ಆ ಕಂಪನಿಯ ಸೇಠನ ಜೊತೆ ನಾನು ಮಾಡಿದ ಚೌಕಾಶಿ ನನ್ನ ಆಯುಷ್ಯದಲ್ಲೇ ದೊಡ್ಡದು. ಇರಲು ಬೇರೆ ಖೋಲಿ, ಒಳ್ಳೆಯ ಊಟ, ಅಡುಗೆಗೆ ಹೆಂಗಸು, ಕಾಯಿಲೆ ಬಿದ್ದರೆ ವೈದ್ಯ — ಬೇರೆ ಹುಡುಗಿಯರಿಗೆ ಇಲ್ಲದ್ದನ್ನೆಲ್ಲ ಬರೆಸಿದೆ. ಕೊನೆಗೆ ಸೇಠ ಒಂದೇ ಒಂದು ಷರತ್ತು ಇಟ್ಟ. ಅವಳು ಉತ್ತರದ ಯಾವುದೋ ದೊಡ್ಡ ಮನೆತನದ ಅನಾಥ ಹುಡುಗಿ ಎಂದು ಜಾಹೀರು ಮಾಡುತ್ತಾರೆ. ಹಾಗಾಗಿ ಕರಾರು ಮುಗಿಯುವವರೆಗೆ ಅವಳು ಊರಿಗೆ ಹೋಗಕೂಡದು, ಊರಿನವರು ಅವಳಲ್ಲಿಗೆ ಬರಕೂಡದು. ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನು ಸುಮ್ಮನೆ ಕೂತರೆ ಎದುರಿನವನು ಏನಾದರೂ ಕೊಡುತ್ತಾನೆ — ಅದು ನನ್ನ ಅನುಭವ. ಸೇಠ ಕೊಟ್ಟ: ಅವಳು ಕಂಪನಿಯಲ್ಲಿರುವವರೆಗೆ ಅವಳ ಚಿತ್ರಗಳು ಬೆಳಗಾವಿ ಸೀಮೆಯಲ್ಲಿ ಮೊದಲು ನನಗೆ, ಅರ್ಧ ಬಾಡಿಗೆಗೆ. ನಾನು ಒಪ್ಪಿದೆ. ತಾಯಿಗೆ ಆ ಷರತ್ತನ್ನು ಹೇಳುವಾಗ, ಬೇರೆ ದಾರಿಯೇ ಇರಲಿಲ್ಲ ಎಂಬಂತೆ ಹೇಳಿದೆ.

ಕಂಪನಿ ಅವಳಿಗೆ ಇಟ್ಟ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಳಬರಿಗೆ ಗೊತ್ತಾಗುತ್ತದೆ. ಆ ಹೆಸರು ಅವಳದ್ದಲ್ಲ.

ಅವಳ ಮೊದಲ ಚಿತ್ರ ಖಾನಾಪುರಕ್ಕೆ ಬಂದಾಗ ಬಾಳವ್ವನನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ. ನೀಲವ್ವ ರಾಣಿ. ದ್ರೋಹಿ ಮಂತ್ರಿಗೆ ಶಾಪ ಹಾಕುವ ದೃಶ್ಯ. ಕಣ್ಣು ಕೆಂಡದಂತೆ, ನೋಡಿದವರ ಮೈ ನಡುಗಬೇಕು. ನಾನು ಇತ್ತ "ಎಲೈ ನೀಚನೇ! ನಿನ್ನ ವಂಶ ನಿರ್ವಂಶವಾಗಲಿ!" ಎಂದು ಗರ್ಜಿಸಿದೆ. ಮುಂದಿನ ಸಾಲಿನಿಂದ ಬಾಳವ್ವ ಎದ್ದು ನಿಂತು ಪರದೆಗೆ ಕೂಗಿದಳು:

"ಹೆಣ್ಣ ಕರಾ ಹಾಕೈತವಾ! ಕೆಂಪನ್ದು!"

ಡೇರೆ ಹಾರಿಹೋಗುವಷ್ಟು ನಗು. ಆಮೇಲೆ ತಿಳಿಯಿತು. ಮಂತ್ರಿಗೆ ಶಾಪ ಹಾಕುತ್ತಿದ್ದ ರಾಣಿಯ ತುಟಿಗಳು ನಿಜವಾಗಿ ಅಂದದ್ದು — "ಎಮ್ಮಿ ಈತೇನಬೇ?" ಚಿತ್ರಕ್ಕೆ ದನಿಯೇ ಇಲ್ಲ, ಮುಖ ಸರಿಯಿದ್ದರೆ ಸಾಕು, ಬಾಯಲ್ಲಿ ಏನಂದರೂ ಮುಂಬಯಿಯಲ್ಲಿ ಕೇಳುವವರಾರು? ಇಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ. ಕಂಪನಿಯ ಕಾವಲಿನೊಳಗಿಂದ ಅವಳು ತಾಯಿಗೆ ಮಾತು ಕಳಿಸಲು ಕಂಡುಕೊಂಡ ದಾರಿ ಇದು. ಆ ಮಾತು ಸಾವಿರಾರು ಜನರ ಕಣ್ಣೆದುರು ಹಾದು ಬರುತ್ತಿತ್ತು, ಒಬ್ಬಳಿಗೆ ಮಾತ್ರ ಮುಟ್ಟುತ್ತಿತ್ತು.

ಅಲ್ಲಿಂದ ಮುಂದೆ ಖಾನಾಪುರದಲ್ಲಿ ಅವಳ ಚಿತ್ರ ಎಂದರೆ ಎರಡೆರಡು ಆಟ ಒಂದೇ ಸಲ ನೋಡಿದ ಹಾಗೆ. "ಬಾಳವ್ವಾ, ರಾಣೀ ಸಾಹೇಬ್ರು ಏನಂತಾರ?" ಎಂದು ಹುಡುಗರು ಕೈಸನ್ನೆ ಮಾಡಿ ಕೇಳುವುದು, "ಅಲ್ಲಿ ರೊಟ್ಟಿ ಸಿಗೂದಿಲ್ಲಂತ, ಬರೇ ಅನ್ನಾ ತಿಂದು ಬ್ಯಾಸರಾಗೇತಂತ!" ಎಂದು ಇವಳು ಕೂಗುವುದು. ಬೇರೆ ಊರುಗಳಲ್ಲಿ ಅವಳ ಮುಖ ನೋಡಿ ಜನ ಅಳುತ್ತಿದ್ದರು. ಕಂಪನಿ ಅವಳ ಹೆಸರಿನ ಮೇಲೆ ಬೆಳೆಯಿತು. ನನ್ನ ಡೇರೆಗೆ ಹೊಸ ಬಟ್ಟೆ ಬಂತು, ಅನಗೋಳದಲ್ಲಿ ಮನೆಗೆ ಮೇಲಟ್ಟ ಬಂತು.

ಮೂರನೆಯದೋ ನಾಲ್ಕನೆಯದೋ ಚಿತ್ರ. ದುಷ್ಟ ರಾಜನೊಬ್ಬ ನಾಯಕಿಯನ್ನು ಒಂದು ಕೋಣೆಯಲ್ಲಿ ಕೂಡಿಹಾಕುತ್ತಾನೆ. ಅವಳು ಬಾಗಿಲಿಗೆ ಒರಗಿ ಅಳುತ್ತಾಳೆ. ಪರದೆಯ ತುಂಬ ಅವಳ ಮುಖ. ನಾನು "ಹೇ ದೇವಾ, ನನ್ನ ಪತಿಯೆಲ್ಲಿ" ಎಂದು ರಾಗ ತೆಗೆದಿದ್ದೆ. ಬಾಳವ್ವ ಎದ್ದಳು. ಜನ ನಗಲು ತಯಾರಾದರು.

"ಚಿಲಕಾ ಇಲ್ಲಂತ!" ಅವಳ ದನಿ ಒಡೆದಿತ್ತು. "ನನ್ನ ಖೋಲಿಗೆ ಒಳಗ ಚಿಲಕಾ ಇಲ್ಲಬೇ, ಸೇಠ ಬರ್ತಾನ, ಬಂದು ಕರಕೊಂಡ ಹೋಗಬೇ — ಅಂದ್ಲು! ನನ್ನ ಮಗಳು ಅಂದ್ಲು!"

ಜನ ನಕ್ಕೇ ನಕ್ಕರು. "ಅದು ಕತಿ ಐತಿ ಮುದುಕಿ, ಕುಂದರ!" ಎಂದ ಯಾವನೋ. ಅಷ್ಟರಲ್ಲಿ ರೀಲು ಮುಗಿದು ದೀಪ ಹಚ್ಚಿದರು. ಬಾಳವ್ವ ಜನರ ಮೇಲೆ ಕಾಲಿಟ್ಟುಕೊಂಡೇ ಬಂದು ನನ್ನ ಕೋಟು ಹಿಡಿದಳು.

"ಇನ್ನೊಮ್ಮೆ ತೋರಸ್ರೀ ಸಾವಕಾರ್ರ. ಬ್ಯಾರೆ ಏನರೆ ಅಂದ್ಲೇನೋ, ನಾ ತಪ್ಪ ತಿಳಕೊಂಡ್ನೇನೋ. ಇನ್ನೊಮ್ಮೆ. ಸಾವಕಾಶ ತಿರಗಸಾಕ ಹೇಳ್ರಿ ದಾದೂಗ."

ಜನಕ್ಕೆ ಇದೂ ಒಂದು ಆಟ. ನಾಟಕದಲ್ಲಿ ಹಾಡಿಗೆ ಕೂಗುವ ಹಾಗೆ "ವನ್ಸ್ ಮೋರ್! ವನ್ಸ್ ಮೋರ್!" ಎಂದು ಡೇರೆಯಿಡೀ ಎದ್ದಿತು. ಇಲ್ಲವೆನ್ನುವ ಹಾಗಿರಲಿಲ್ಲ.

ಪರದೆಯಿಂದ ಮಷಿನ್ನಿನವರೆಗೆ ಜನರ ನಡುವೆ ನಡೆದುಹೋದೆನಲ್ಲ — ಆ ನಡಿಗೆಯಲ್ಲೇ ನಾನು ಪೂರ್ತಿ ಕೆಟ್ಟದ್ದು. ಅವಳು ಸರಿಯಾಗಿಯೇ ಓದಿದ್ದಾಳೆ ಎಂದು ನನಗೆ ಗೊತ್ತಿತ್ತು. ಎಮ್ಮೆಯ ವಿಷಯ ಸರಿಯಾಗಿ ಓದಿದವಳು ಇದನ್ನು ತಪ್ಪು ಓದುತ್ತಾಳೆಯೇ? ಇನ್ನೊಮ್ಮೆ ನಿಧಾನವಾಗಿ ಕಂಡರೆ ನಾಳೆ ಬೆಳಿಗ್ಗೆಯೇ ಗಾಡಿ ಹತ್ತುತ್ತಾಳೆ, ಸೇಠನ ಬಾಗಿಲಲ್ಲಿ ನಿಂತು ಮುಂಬಯಿಗೆಲ್ಲ ಕೇಳುವಂತೆ ಕೂಗುತ್ತಾಳೆ, ಕರಾರು ಮುರಿಯುತ್ತದೆ, ನನ್ನ ಅರ್ಧ ಬಾಡಿಗೆ... ಹೌದು. ಇಷ್ಟನ್ನೂ ಯೋಚಿಸಿದೆ. ಆ ಹುಡುಗಿಯ ಬಗ್ಗೆ — ಯೋಚಿಸಲಿಲ್ಲ ಎಂದಲ್ಲ. ಯೋಚಿಸಿ, ಬದಿಗೆ ಇಟ್ಟೆ.

"ನಾನು ತಿರಗಸ್ತೇನ್ರೀ, ಸಾವಕಾಶ," ಎಂದ ದಾದೂ.

"ನೀ ಸರಿ ಆ ಕಡೆ," ಎಂದು ಹ್ಯಾಂಡಲ್ ಹಿಡಿದೆ.

ತೋಳು ಸೋಲುವಷ್ಟು ಬಿರುಸಾಗಿ ತಿರುಗಿಸಿದೆ. ಪರದೆಯ ಮೇಲೆ ನೀಲವ್ವ ಕೋಳಿ ಕಾಳು ಕುಕ್ಕಿದ ಹಾಗೆ ತಲೆ ಆಡಿಸಿದಳು. ತುಟಿ ಪಟಪಟ ಬಡಿದವು. ಕಣ್ಣೀರು ಒರೆಸಿದ್ದು ನೊಣ ಓಡಿಸಿದ ಹಾಗಾಯಿತು. ಡೇರೆಯಲ್ಲಿ ನಗು ಎಂದರೆ ನಗು. ಆ ನಗುವಿನ ನಡುವೆ ಬಾಳವ್ವ ಒಬ್ಬಳು ಪರದೆಗೆ ಮುಖ ಹಚ್ಚುವಷ್ಟು ಹತ್ತಿರ ಹೋಗಿ, ಕೈ ಎತ್ತಿ — ನಿಲ್ಲು ಎಂದು ಮಗಳಿಗೆ ಹೇಳುವ ಹಾಗೆ ಕೈ ಎತ್ತಿ — ನಿಂತಿದ್ದಳು.

ಆಮೇಲೆ ಅವಳ ಎದುರು ನಿಂತು ನಾನು ಹೇಳಿದ್ದು ಇದು: "ಸಾವಕಾಶ ತಿರಗಿಸಿದ್ರ ಬೆಂಕಿ ಹತ್ತತೈತಿ. ಮತ್ತ ಅದು ಕತಿ ಬಾಳವ್ವಾ. ಅಕೀನ ಕೋಣ್ಯಾಗ ಹಾಕಿಲ್ಲೇನು? ಅದಕ್ಕ ಚಿಲಕದ ಮಾತು ಬಂದೈತಿ. ನೀ ತಪ್ಪ ನೋಡಿದಿ."

ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. "ಹಂಗೇನ್ರೀ?" ಎಂದಳು. ಅವಳು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಕಿವಿ ಹೋದಾಗ ನಾ ಅಳಲಿಲ್ರೀ. ಈಗ ಕಣ್ಣೂ ಹೊಂಟಾವೇನೋ."

ಆ ಚಿತ್ರವನ್ನು ಖಾನಾಪುರದಲ್ಲಿ ನಾನು ಮತ್ತೆ ಹಾಕಲಿಲ್ಲ. ಮರುದಿನ ಬಾಳವ್ವ ಮತ್ತೆ ಬಂದಳು. ಕೈಯಲ್ಲಿ ಬಟ್ಟೆಯ ಗಂಟಿತ್ತು. ಮುಂಬಯಿಗೆ ಹೋಗಿ ಬರುತ್ತೇನೆ, ದೂರದಿಂದ ನೋಡಿ ಬರುತ್ತೇನೆ ಎಂದಳು. ನಾನು ಕರಾರಿನ ಮಾತು ತೆಗೆದು ಹೆದರಿಸಿದೆ, ನೀ ಹೋದರೆ ಮಗಳ ಹೆಸರೇ ಹಾಳು ಎಂದೆ. ಅಷ್ಟು ಸಾಲದೆಂದು, "ನಾನ ಹೋಗಿ ನೋಡ್ಕೊಂಡ ಬರ್ತೇನಿ" ಎಂದೆ. ಅವಳು ನನ್ನ ಕಾಲು ಮುಟ್ಟಿದಳು.

ಹೋದೆ. ಸ್ಟುಡಿಯೋದ ಅಂಗಳದಲ್ಲಿ ನೀಲವ್ವ ನನ್ನನ್ನು ಕಂಡವಳೇ, ಜರಿಯ ಸೀರೆಯನ್ನು ಮೊಳಕಾಲವರೆಗೆ ಎತ್ತಿಕೊಂಡು ಓಡಿಬಂದಳು.

"ಕಾಕಾ! ಅವ್ವ ಕಳಿಸಿದ್ಲೇನ್ರೀ? ಬಾಗಲಾ ಹಿಡದು ಅಳ್ತೇನಲ್ರೀ, ಆ ಚಿತ್ರ ನೋಡಿದ್ಲೇನು?"

"ನಮ್ಮ ಕಡೆ ಇನ್ನಾ ಬಂದಿಲ್ಲವಾ ಅದು," ಎಂದೆ.

ಅವಳ ಖೋಲಿಗೂ ಹೋದೆ. ತಾಯಿಗೆ ಹೇಳುವ ಮಾತನ್ನು ಅವಳು ಗಂಡಸಾದ ನನ್ನೆದುರು ಆಡಲಿಲ್ಲ. ಚಹಾ ಮಾಡುತ್ತೇನೆಂದು ಅವಳು ಒಳಗೆ ಹೋದಾಗ ಬಾಗಿಲನ್ನು ಅರ್ಧ ಮುಂದೆ ಮಾಡಿ ನೋಡಿದೆ. ಒಳಬದಿಯಲ್ಲಿ ಚಿಲಕ ಇರಲಿಲ್ಲ. ಇದ್ದ ಜಾಗದಲ್ಲಿ ಮೊಳೆ ಕಿತ್ತ ತೂತುಗಳು. ಸುತ್ತಲೂ ಬಣ್ಣ ಮಾಸದೆ ಉಳಿದ ಹೊಸ ಮರ. ಎಷ್ಟೋ ಮನೆಗಳ ಬಾಗಿಲು ನೋಡಿ ಬೆಲೆ ಕಟ್ಟಿದವನು ನಾನು. ಇದು ಹಳೆಯದಾಗಿ ಬಿದ್ದದ್ದಲ್ಲ, ಬೇಕೆಂದು ತೆಗೆದದ್ದು ಎಂದು ತಿಳಿಯಲು ಎರಡನೆಯ ಸಲ ನೋಡಬೇಕಾಗಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೂ ಹೇಡಿ ಎನ್ನಿಸಿಕೊಂಡು ಸಾಯುತ್ತಿದ್ದೆ. ಆದರೆ ನನ್ನ ಹತ್ತಿರ ಈಗ ಸೇಠನಿಗೆ ಬೇಕಾದ ಒಂದು ಸುದ್ದಿ ಇತ್ತು. ಸುದ್ದಿ ಕೈಯಲ್ಲಿದ್ದರೆ ಮಾರದೆ ಬಿಡುವವನಲ್ಲ ನಾನು... ಸಂಜೆ ಅವನ ಕಚೇರಿಯಲ್ಲಿ ಕೂತು, ನಿಮ್ಮ ನಾಯಕಿ ಪರದೆಯ ಮೇಲೆ ತನ್ನ ಭಾಷೆಯಲ್ಲಿ ಮನೆಗೆ ಮಾತು ಕಳಿಸುತ್ತಾಳೆ, ಅದನ್ನು ಓದಬಲ್ಲವರು ಇದ್ದಾರೆ, ಎಂದೆ. ಏನು ಮಾತು ಎಂದು ಅವನು ಕೇಳಲಿಲ್ಲ. ಅವನಿಗೆ ಗೊತ್ತಾಯಿತು. ನಕ್ಕು, "ಹಾಗಾದರೆ ಬಾಯಿ ತೆರೆಯದೆ ಅಳಲಿ" ಎಂದ. ಧಾರವಾಡ ಸೀಮೆಯನ್ನೂ ನನಗೇ ಬರೆದುಕೊಟ್ಟ.

ಊರಿಗೆ ಬಂದು ಬಾಳವ್ವನಿಗೆ ಹೇಳಿದೆ: "ನೋಡಿ ಬಂದೆ. ಆರಾಮದಾಳ. ಬಾಗಲಕ್ಕ ಚಿಲಕಾ ಐತಿ."

ಅಲ್ಲಿಂದ ಮುಂದಿನ ಚಿತ್ರಗಳಲ್ಲಿ ಅವಳ ತುಟಿ ಅಲುಗಲಿಲ್ಲ. ಸಿಟ್ಟಿಗೆ, ಸಾವಿಗೆ, ಮದುವೆಗೆ, ಎಲ್ಲಕ್ಕೂ ಮುಚ್ಚಿದ ತುಟಿ, ಇರುವುದೆಲ್ಲ ಕಣ್ಣಿನಲ್ಲಿ. ಎಂಥ ಕಣ್ಣು ಅವು. ಮುಂಬಯಿಯ ಪತ್ರಿಕೆಗಳು ಅವಳನ್ನು ಹೊಗಳಿ ಹೊಗಳಿ ದಣಿದವು. ಇದು ಹೊಸ ಅಭಿನಯ, ಮಿಕ್ಕ ನಟಿಯರು ಕಲಿಯಬೇಕು ಎಂದು ಬರೆದವು. ಮಿಕ್ಕವರು ಕಲಿತರು ಕೂಡ. ಅವಳ ಕೀರ್ತಿ ನಿಂತದ್ದು ಆ ಮೌನದ ಮೇಲೆ. 'ತುಟಿ ಬಿಚ್ಚದೆ ಎದೆ ಬಿಚ್ಚುವ ತಾರೆ' ಎಂದು ನನ್ನ ಜಾಹೀರಾತಿನ ಚೀಟಿಗಳಲ್ಲಿ ಅಚ್ಚು ಹಾಕಿಸಿದವನು ನಾನೇ. ಆ ಸಾಲು ಚೆನ್ನಾಗಿದೆ ಎಂದು ಹೆಮ್ಮೆಪಟ್ಟಿದ್ದೆ.

ಬಾಳವ್ವ ಒಂದು ಆಟವನ್ನೂ ಬಿಡಲಿಲ್ಲ. ಮೊದಮೊದಲು ಕಾಯುತ್ತ ಕೂತಳು — ಈಗ ಅಂತಾಳೆ, ಈಗ ಅಂತಾಳೆ. ಆಮೇಲೆ ಒಂದು ಸಂಜೆ ಪರದೆಯ ಮುಂದೆ ನಿಂತು ಕೂಗಿದಳು: "ತಪ್ಪಾತವಾ! ಕರದಾಗ ಬರಲಿಲ್ಲ, ತಪ್ಪಾತು! ಬೈಯರೆ ಬೈಯವಾ, ಒಂದ ಮಾತು ಆಡವಾ!" ಆ ದಿನ ಯಾರೂ ನಗಲಿಲ್ಲ. ಆಟ ಮುಗಿದ ಮೇಲೆ ನನ್ನ ಹತ್ತಿರ ಬಂದಳು. ನಾನು ಹೇಳಿದ್ದನ್ನು ಅವಳು ಒಂದು ದಿನವೂ ಪೂರ್ತಿ ನಂಬಿರಲಿಲ್ಲ ಎಂದು ಆಗ ತಿಳಿಯಿತು. "ಸಿಟ್ಟಾಗ್ಯಾಳ್ರೀ. ಮಾತು ಬಿಟ್ಟಾಳ ನನ್ನ ಕೂಡ. ಸಾವಕಾಶ ತಿರಗಿಸಿ ನೋಡ್ರಿ ಒಮ್ಮೆ, ಎಲ್ಲ್ಯರೆ ತುಟಿ ಅಲಗಿದ್ದು ಕಂಡೀತು."

ಈ ಸಲ ನಿಜವಾಗಿಯೂ ನಿಧಾನವಾಗಿ ತಿರುಗಿಸಿದೆ. ಫಿಲ್ಮಿನ ಅಂಚು ಕಮರಿ ವಾಸನೆ ಬರುವವರೆಗೆ, ಬೆಂಕಿ ಹತ್ತಿದರೆ ಹತ್ತಲಿ ಎಂದು ತಿರುಗಿಸಿದೆ. ತುಟಿ ಅಲುಗಲಿಲ್ಲ. ಅಲುಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆಗಲಾದರೂ ಹೇಳಬಹುದಿತ್ತು — ನಿನ್ನ ಮಗಳು ಸಿಟ್ಟಾಗಿಲ್ಲ, ಅವಳ ಬಾಯಿ ಮುಚ್ಚಿಸಿದ್ದಾರೆ, ಮುಚ್ಚಿಸಿದವನು ನಾನು — ಗಂಟಲಿನವರೆಗೆ ಬಂತು. ಊರಿಗೆಲ್ಲ ಮಾತು ಕೊಡುವ ಗಂಟಲು. ಅಲ್ಲೇ ನಿಂತಿತು.

ದಾದೂ ಮರುವಾರ ಕೆಲಸ ಬಿಟ್ಟ. "ನಿಮ್ಮ ಮಷಿನ್ ನಿಮಗ ಇರಲಿ ಸಾವಕಾರ್ರ. ಹ್ಯಾಂಡಲ್ ಹಿಡದ್ರ ಆ ಮುದುಕಿ ಕಣ್ಣು ನನ್ನ ಕೈ ಮ್ಯಾಲ ಬಂದು ಕುಂದರ್ತಾವ," ಎಂದ. ಅವನು ಎಲ್ಲವನ್ನೂ ಊಹಿಸಿದ್ದನೋ ಏನೋ. ಕೇಳುವ ಧೈರ್ಯ ನನಗಾಗಲಿಲ್ಲ.

ಬಾಳವ್ವ ಆ ಚಳಿಗಾಲವೇ ಜ್ವರ ಬಂದು ತೀರಿಕೊಂಡಳು. ಅವಳ ಮಣ್ಣಿನ ಖರ್ಚು ನಾನೇ ನೋಡಿಕೊಂಡೆ. ಭರಮಪ್ಪಣ್ಣನದು ದೊಡ್ಡ ಮನಸ್ಸು ಎಂದರು ಖಾನಾಪುರದ ಜನ.

ಮುಂದೆ ಚಿತ್ರಗಳಿಗೆ ಮಾತು ಬಂತು. ಅಷ್ಟು ವರ್ಷ ಬಾಯಿ ಮುಚ್ಚಿಸಿದವರೇ ಈಗ ಬಾಯಿ ತೆರೆ ಎಂದರು. ತೆರೆದರೆ ನಮ್ಮ ಸೀಮೆಯ ರಾಗದ ಹಿಂದಿ. ಕಂಪನಿ ಅವಳನ್ನು ಬಿಟ್ಟಿತು. ನಾನು ಹುಡುಕಿಕೊಂಡು ಹೋದೆ. ಒಂದು ಚಾಳಿನಲ್ಲಿ, ಎರಡನೆಯ ಮಾಳಿಗೆಯಲ್ಲಿ ಸಿಕ್ಕಳು. ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೋಗಿದ್ದೆ, ಇದಂತೂ ಸತ್ಯ. ತಾಯಿ ತೀರಿಕೊಂಡದ್ದನ್ನು ಕಂಪನಿಯವರು ಅವಳಿಗೆ ತಿಳಿಸಿದ್ದರು. ಒಂದೇ ಪ್ರಶ್ನೆ ಕೇಳಿದಳು.

"ಕಾಕಾ, ಅವ್ವ ನನ್ನ ಚಿತ್ರ ನೋಡ್ತಿದ್ಲೇನ್ರೀ?"

ಅವಳ ಮುಖ ನೋಡಿದೆ. ನೋಡಿದ್ದಳು ಎಂದರೆ ಮುಂದಿನ ಪ್ರಶ್ನೆ ಬರುತ್ತದೆ — ಮತ್ತ್ಯಾಕ ಬರಲಿಲ್ಲ?

"ಇಲ್ಲವಾ," ಎಂದೆ. "ಒಂದೂ ನೋಡಲಿಲ್ಲ. ಡೇರೇದಾಗ ಉಸರ ಕಟ್ಟತೈತಿ ಅಂತಿದ್ಲು."

ಅವಳು ಗೋಡೆ ಹಿಡಿದು ಕೂತಳು. "ಹಂಗಾರ ಅಕೀಗೆ ಗೊತ್ತಽ ಇರಲಿಲ್ಲ. ಬರಲಿಲ್ಲ ಅಂತ ನಾ ಸುಮ್ಮಸುಮ್ಮನ..." ಎಂದು ನಿಲ್ಲಿಸಿದಳು. ಆಮೇಲೆ ನಕ್ಕಳು, ಆ ನಗುವನ್ನು ನಾನು ಯಾವ ಪರದೆಯ ಮೇಲೂ ಕಂಡಿರಲಿಲ್ಲ. "ಹಂಗಾರ ಒಬ್ಬಾಕೀನ ಮಾತಾಡ್ಕೊಂತ ನಿಂತಿದ್ನೆಲ್ರೀ."

ಚಹಾ ಕೊಟ್ಟಳು. ಕುಡಿದೆ.

ಎರಡು ತಿಂಗಳು ನಿದ್ದೆಗೆಟ್ಟು ಮತ್ತೆ ಹೋದಾಗ ಖೋಲಿಯಲ್ಲಿ ಬೇರೆ ಸಂಸಾರವಿತ್ತು. ಎಲ್ಲಿಗೆ ಹೋದಳು ಎಂದು ಯಾರಿಗೂ ತಿಳಿಯದು. ಪುಣೆಯಲ್ಲಿ ಕೇಳಿದೆ, ಕೊಲ್ಲಾಪುರದಲ್ಲಿ ಕೇಳಿದೆ. ಕಂಪನಿ ಅವಳಿಗೆ ಇಟ್ಟ ಹೆಸರು ಹೇಳಿದರೆ ಎಲ್ಲರಿಗೂ ಗೊತ್ತು, ಆ ಕಣ್ಣು ಎಲ್ಲರಿಗೂ ನೆನಪು. ನೀಲವ್ವ ಎಂದರೆ ಯಾರಿಗೂ ಗೊತ್ತಿಲ್ಲ. ಈಗ ನನಗೆ ಎಪ್ಪತ್ತು ದಾಟಿದೆ. ಕಾಲು ಸಾಗುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ, ಓದಲು ಬಾರದ ಒಬ್ಬಳಿಗಾಗಿ. ಅವಳು ಎಲ್ಲಾದರೂ ಇದ್ದರೆ ಯಾರಾದರೂ ಇಷ್ಟನ್ನು ಓದಿ ಹೇಳಿ —

ನೀಲವ್ವಾ, ನೀನು ಒಬ್ಬಳೇ ಮಾತಾಡಲಿಲ್ಲ. ನಿಮ್ಮವ್ವ ಒಂದೊಂದು ಚಿತ್ರವನ್ನೂ ನೋಡಿದಳು, ಒಂದೊಂದು ಮಾತಿಗೂ ಎದ್ದು ನಿಂತು ಉತ್ತರ ಕೊಟ್ಟಳು. ನೀನು ಕರೆದದ್ದು ಅವಳಿಗೆ ಮುಟ್ಟಿತು. ಬರಲು ಗಂಟು ಕಟ್ಟಿದ್ದಳು. ತಡೆದವನು ನಾನು. ನಿನ್ನ ಬಾಯಿ ಮುಚ್ಚಿಸಿದವನೂ ನಾನೇ. ನೀನು ಸಿಟ್ಟಾಗಿದ್ದೀಯ ಎಂದುಕೊಂಡೇ ಅವಳು ಸತ್ತಳು. ಕ್ಷಮಿಸು ಎಂದು ಬರೆಯುವುದಿಲ್ಲ. ಬರೆದರೆ ಅದೂ ಒಂದು ಚೌಕಾಶಿಯಾಗುತ್ತದೆ.

ಇನ್ನು ಓದುವವರಿಗೆ. ಬುದ್ಧಿ ಹೇಳುವ ಚಟ ನನ್ನದು, ಇದೊಂದನ್ನು ಕೇಳಿಬಿಡಿ. ಮಗಳನ್ನೋ ಮಗನನ್ನೋ ದೂರದ ಊರಿಗೆ ದುಡಿಯಲು ಕಳಿಸುವುದಿದ್ದರೆ ಸಂಬಳದ ಮಾತನ್ನು ಕೊನೆಗೆ ಇಡಿ. ಮೊದಲು ಕೇಳಬೇಕಾದ್ದು, ನಾನು ಹೇಳದೆ ಕೇಳದೆ ಯಾವಾಗ ಬೇಕಾದರೂ ಬಂದು ನೋಡಬಹುದೇ ಎಂದು. ಎದುರಿನವನು ತಡವರಿಸಿದರೆ ಎದ್ದು ಬನ್ನಿ, ಅವನು ಹಿಂದಿನಿಂದ ಎಷ್ಟೇ ಕೂಗಿ ಬೆಲೆ ಏರಿಸಲಿ. ಅವನು ಏರಿಸುತ್ತಾನೆ, ನನಗೆ ಗೊತ್ತು. ಮತ್ತೆ, ಕಳಿಸಿದ ಮೇಲೆ ಏನೋ ಸರಿಯಿಲ್ಲ ಎಂದು ನಿಮ್ಮ ಕಣ್ಣಿಗೆ ಒಮ್ಮೆ ಕಂಡರೆ, ಅದು ಹೌದೋ ಅಲ್ಲವೋ ಎಂದು ಮತ್ತೊಬ್ಬರ ಹತ್ತಿರ ಕೇಳಲು ಹೋಗಬೇಡಿ. ಕೈಯಲ್ಲಿರುವ ಕೆಲಸ ಹಾಗೆಯೇ ಬಿಟ್ಟು ಮೊದಲ ಗಾಡಿಗೆ ಹೋಗಿ. ಸ್ಟೇಷನ್ನಿನ ಬಾಗಿಲಲ್ಲಿ ನನ್ನಂಥ ತಿಳಿದವನೊಬ್ಬ ನಿಂತು, ನಿಮಗೇಕೆ ತೊಂದರೆ, ನಾನು ನೋಡಿಕೊಂಡು ಬರುತ್ತೇನೆ ಎಂದರೆ, ಮರ್ಯಾದೆ ನೋಡಬೇಡಿ. ಅವನನ್ನು ಬದಿಗೆ ತಳ್ಳಿ ನೀವೇ ಹತ್ತಿ.